ಟರ್ಮಿನಲ್‌ನಲ್ಲಿ ಸ್ಕ್ರೀನ್ ಮತ್ತು ಕಮಾಂಡ್ ಹಿಸ್ಟರಿ ಅಳಿಸುವುದು: ಪದೇ ಪದೇ ಕೇಳುವ ಪ್ರಶ್ನೆಗಳು

ಟರ್ಮಿನಲ್ ಕಲಿಯುತ್ತಿರುವವರು ನನ್ನನ್ನು ಜಾಸ್ತಿ ಕೇಳುವ ಪ್ರಶ್ನೆ ಒಂದೇ: "ಇದನ್ನೆಲ್ಲ ಅಳಿಸೋದು ಹೇಗೆ?" ಉತ್ತರ ಕೊಡುವ ಮುಂಚೆ ನಾನೂ ಒಂದು ಪ್ರಶ್ನೆ ಕೇಳುತ್ತೇನೆ. "ಇದನ್ನೆಲ್ಲ" ಅಂದರೆ ಯಾವುದನ್ನು? ಕಣ್ಣಿಗೆ ಕಾಣುತ್ತಿರುವ ಸ್ಕ್ರೀನ್ ಒಂದು. ಮೇಲಕ್ಕೆ ಸ್ಕ್ರಾಲ್ ಮಾಡಿದರೆ ಸಿಗುವ ಹಳೆಯ ಸಾಲುಗಳು ಇನ್ನೊಂದು. ಶೆಲ್ (ನೀವು ಟೈಪ್ ಮಾಡಿದ ಕಮಾಂಡ್ ಓದಿ ಓಡಿಸುವ ಪ್ರೋಗ್ರಾಮ್) ತನ್ನ ಮೆಮೊರಿಯಲ್ಲಿ ಇಟ್ಟುಕೊಂಡ ಕಮಾಂಡ್‌ಗಳ ಪಟ್ಟಿ ಮೂರನೆಯದು. ಡಿಸ್ಕ್‌ನಲ್ಲಿ ಕೂತಿರುವ ಹಿಸ್ಟರಿ ಫೈಲ್ ನಾಲ್ಕನೆಯದು. ಒಂದನ್ನು ಅಳಿಸಿದರೆ ಉಳಿದ ಮೂರೂ ಹೋಗಿಬಿಡುತ್ತವೆ ಅಂದುಕೊಳ್ಳುವುದರಿಂದಲೇ ಗೊಂದಲ ಶುರುವಾಗುತ್ತದೆ.

ಒಂದು ಸೂಚನೆ. ಕಮಾಂಡ್‌ಗಳನ್ನು ಇಲ್ಲಿ ಬಾಯಲ್ಲಿ ಹೇಳುವ ಹಾಗೆ ಕನ್ನಡದಲ್ಲಿ ಬರೆದಿದ್ದೇನೆ. ಟೈಪ್ ಮಾಡುವಾಗ ಇಂಗ್ಲಿಷ್ ಅಕ್ಷರಗಳಲ್ಲೇ ಹೊಡೆಯಿರಿ. ದೊಡ್ಡಕ್ಷರ ಬೇಕಾದ ಕಡೆ ಹೇಳಿದ್ದೇನೆ, ಉಳಿದದ್ದೆಲ್ಲ ಸಣ್ಣಕ್ಷರ. ಸ್ಪೇಸ್, ಹೈಫನ್ ಎಲ್ಲಿದೆ ಅಂತ ಸ್ವಲ್ಪ ಗಮನವಿಟ್ಟು ನೋಡಿ.

ಸ್ಕ್ರೀನ್ ಖಾಲಿ ಮಾಡಲು ಎಲ್ಲಕ್ಕಿಂತ ಸುಲಭದ ದಾರಿ ಯಾವುದು?

ಕಂಟ್ರೋಲ್ + ಎಲ್. ಲಿನಕ್ಸ್, ಮ್ಯಾಕ್, ವಿಂಡೋಸ್‌ನ ಪವರ್‌ಶೆಲ್ ಎಲ್ಲದರಲ್ಲೂ ನಡೆಯುತ್ತದೆ. ವಿಂಡೋಸ್‌ನ ಹಳೆಯ ಕಮಾಂಡ್ ಪ್ರಾಂಪ್ಟ್‌ನಲ್ಲಿ ಮಾತ್ರ ನಡೆಯುವುದಿಲ್ಲ.

ಇದರಲ್ಲಿ ನನಗೆ ತುಂಬಾ ಇಷ್ಟವಾದದ್ದು ಒಂದಿದೆ. ನೀವು ಅರ್ಧ ಟೈಪ್ ಮಾಡಿಟ್ಟ ಕಮಾಂಡ್ ಹಾಗೇ ಉಳಿಯುತ್ತದೆ. ಸುತ್ತಲಿನ ಕಸ ಹೋಗಿ ಆ ಸಾಲು ಮೇಲೆ ಬಂದು ಕೂರುತ್ತದೆ. ಅಂದಹಾಗೆ ಎಲ್ ಅಕ್ಷರವೇ ಯಾಕೆ ಅಂದರೆ, ಅಕ್ಷರಗಳಿಗೆ ನಂಬರ್ ಕೊಡುವ ಆಸ್ಕಿ ಪಟ್ಟಿಯಲ್ಲಿ ಕಂಟ್ರೋಲ್ + ಎಲ್ ಎನ್ನುವುದು 12ನೇ ಅಕ್ಷರ, ಹೆಸರು ಫಾರ್ಮ್ ಫೀಡ್. "ಈ ಹಾಳೆ ಮುಗಿಯಿತು, ಮುಂದಿನದಕ್ಕೆ ಹೋಗು" ಎಂದು ಪ್ರಿಂಟರ್‌ಗೆ ಹೇಳುತ್ತಿದ್ದ ಅಕ್ಷರ ಅದು. ಕಾಗದ ಹೋಯಿತು, ಅಭ್ಯಾಸ ಉಳಿಯಿತು.

ಹಾಗಾದರೆ ‘ಕ್ಲಿಯರ್’, ‘ಸಿಎಲ್‌ಎಸ್’ ಕಮಾಂಡ್‌ಗಳು ಯಾಕೆ?

ಲಿನಕ್ಸ್ ಮತ್ತು ಮ್ಯಾಕ್‌ನಲ್ಲಿ ‘ಕ್ಲಿಯರ್’. ವಿಂಡೋಸ್ ಕಮಾಂಡ್ ಪ್ರಾಂಪ್ಟ್‌ನಲ್ಲಿ ‘ಸಿಎಲ್‌ಎಸ್’, ಇದು ವಿಂಡೋಸ್‌ಗೂ ಮುಂಚಿನ ಡಾಸ್ ಕಾಲದಿಂದ ಬಂದದ್ದು. ಪವರ್‌ಶೆಲ್‌ನಲ್ಲಿ ಅಸಲಿ ಹೆಸರು ‘ಕ್ಲಿಯರ್-ಹೋಸ್ಟ್’. ಆದರೆ ಅಲ್ಲಿ ‘ಕ್ಲಿಯರ್’ ಅಂದರೂ ಸರಿ, ‘ಸಿಎಲ್‌ಎಸ್’ ಅಂದರೂ ಸರಿ, ಎರಡೂ ಅದಕ್ಕೇ ಇಟ್ಟ ಅಡ್ಡಹೆಸರುಗಳು.

ಕ್ಲಿಯರ್ ಮಾಡಿದೆ. ಮೇಲಕ್ಕೆ ಸ್ಕ್ರಾಲ್ ಮಾಡಿದರೆ ಹಳೆಯದೆಲ್ಲ ಹಾಗೇ ಇದೆಯಲ್ಲ?

ಅದಕ್ಕೆ ಸ್ಕ್ರಾಲ್‌ಬ್ಯಾಕ್ ಅನ್ನುತ್ತಾರೆ. ಕಂಟ್ರೋಲ್ + ಎಲ್ ಒತ್ತಿದಾಗ ಸ್ಲೇಟು ಒರೆಸಿದ ಹಾಗೆ ಕಂಡರೂ, ನಿಜವಾಗಿ ಹಳೆಯ ಹಾಳೆ ಪಕ್ಕಕ್ಕೆ ಸರಿದು ಹೊಸ ಹಾಳೆ ಬಂದಿರುತ್ತದೆ ಅಷ್ಟೇ. ಹಳೆಯ ಸಾಲುಗಳನ್ನು ಇಟ್ಟುಕೊಳ್ಳುವುದು ಶೆಲ್ ಅಲ್ಲ, ಟರ್ಮಿನಲ್ ವಿಂಡೋ. ಹಾಗಾಗಿ ಅದನ್ನು ಖಾಲಿ ಮಾಡುವ ದಾರಿಯೂ ವಿಂಡೋದಿಂದ ವಿಂಡೋಗೆ ಬೇರೆ.

ಮ್ಯಾಕ್‌ನ ಟರ್ಮಿನಲ್ ಆದರೆ ಕಮಾಂಡ್ + ಕೆ ಒತ್ತಿ. ಸ್ಕ್ರೀನ್, ಸ್ಕ್ರಾಲ್‌ಬ್ಯಾಕ್ ಎರಡೂ ಖಾಲಿ, ಯೋಚನೆಯೇ ಬೇಡ.

ಲಿನಕ್ಸ್‌ನಲ್ಲಿ ಈಗಿನ ‘ಕ್ಲಿಯರ್’ ಕಮಾಂಡ್, ಟರ್ಮಿನಲ್‌ಗೆ ಆ ಸಾಮರ್ಥ್ಯ ಇದ್ದರೆ, ಸ್ಕ್ರಾಲ್‌ಬ್ಯಾಕನ್ನೂ ಅಳಿಸುತ್ತದೆ. ಕಂಟ್ರೋಲ್ + ಎಲ್‌ಗೂ ‘ಕ್ಲಿಯರ್’ಗೂ ಇರುವ ದೊಡ್ಡ ವ್ಯತ್ಯಾಸ ಇದೇ, ತುಂಬಾ ಜನಕ್ಕೆ ಗೊತ್ತಿಲ್ಲ. ಒಂದು ಗಂಟೆ ಓಡಿದ ಕೆಲಸದ ಎರರ್ ಮೇಲೆಲ್ಲೋ ಇತ್ತು, ಸುಮ್ನೆ ಅಭ್ಯಾಸಬಲದಿಂದ ‘ಕ್ಲಿಯರ್’ ಹೊಡೆದೆ, ಎಲ್ಲ ಹೋಯಿತು ಎಂದು ತಲೆ ಚಚ್ಚಿಕೊಂಡವರನ್ನು ನೋಡಿದ್ದೇನೆ. ಸ್ಕ್ರಾಲ್‌ಬ್ಯಾಕ್ ಉಳಿಯಬೇಕಾದರೆ ‘ಕ್ಲಿಯರ್ -ಎಕ್ಸ್’ ಕೊಡಿ, ಇಲ್ಲವೇ ಕಂಟ್ರೋಲ್ + ಎಲ್‌ನಲ್ಲೇ ಇರಿ.

ಟಿಮಕ್ಸ್ ಒಳಗಿದ್ದೇನೆ. ಏನು ಮಾಡಿದರೂ ಹಳೆಯ ಸಾಲು ಹೋಗುತ್ತಿಲ್ಲ.

ಟಿಮಕ್ಸ್ ಅಂದರೆ ಒಂದೇ ವಿಂಡೋವನ್ನು ಪೇನ್ ಎಂಬ ಹಲವು ಭಾಗಗಳಾಗಿ ಹಂಚಿ ಕೆಲಸ ಮಾಡಲು ಬಿಡುವ ಪ್ರೋಗ್ರಾಮ್. ಅದು ತನ್ನದೇ ಸ್ಕ್ರಾಲ್‌ಬ್ಯಾಕ್ ಇಟ್ಟುಕೊಳ್ಳುತ್ತದೆ. ನೀವು ಬದಲಿಸದಿದ್ದರೆ ಪ್ರತಿ ಪೇನ್‌ಗೆ 2000 ಸಾಲು. ಮೊದಲು ಕಂಟ್ರೋಲ್ + ಎಲ್ ಒತ್ತಿ, ಆಮೇಲೆ ‘ಟಿಮಕ್ಸ್ ಕ್ಲಿಯರ್-ಹಿಸ್ಟರಿ’ ಕೊಡಿ. ಹೆಸರಲ್ಲಿ ಹಿಸ್ಟರಿ ಅಂತ ಇದ್ದರೂ ಅದು ಕಮಾಂಡ್ ಹಿಸ್ಟರಿಯನ್ನು ಮುಟ್ಟುವುದಿಲ್ಲ. ಹೆಸರಿಟ್ಟವರಿಗೆ ನಮಸ್ಕಾರ.

ಯಾವುದೋ ಫೈಲ್ ತೆರೆದೆ, ಸ್ಕ್ರೀನ್ ತುಂಬ ವಿಚಿತ್ರ ಚಿಹ್ನೆಗಳು. ಕ್ಲಿಯರ್ ಮಾಡಿದರೂ ಅಕ್ಷರ ಸರಿ ಬರುತ್ತಿಲ್ಲ.

ಚಿತ್ರವನ್ನೋ ಪ್ರೋಗ್ರಾಮ್ ಫೈಲನ್ನೋ ‘ಕ್ಯಾಟ್’ (ಫೈಲಿನಲ್ಲಿರುವುದನ್ನು ಸ್ಕ್ರೀನ್ ಮೇಲೆ ಸುರಿಯುವ ಕಮಾಂಡ್) ಮಾಡಿದಿರಿ, ಅಲ್ವಾ? ಆ ಫೈಲಿನ ಒಳಗಿನ ಕೆಲವು ಬೈಟ್‌ಗಳನ್ನು ಟರ್ಮಿನಲ್ ತನಗೆ ಕೊಟ್ಟ ಸೂಚನೆ ಎಂದು ತಿಳಿದು ಪಾಲಿಸಿದೆ. ಅಕ್ಷರದ ಸೆಟ್ ಬದಲಾಗಿದೆ, ಬಣ್ಣ ಕೆಟ್ಟಿದೆ, ಕೆಲವು ಸಲ ಟೈಪ್ ಮಾಡಿದ್ದು ಕಾಣುವುದೂ ಇಲ್ಲ. ‘ಕ್ಲಿಯರ್’ ಸ್ಕ್ರೀನ್ ಒರೆಸುತ್ತದೆ, ಕೆಟ್ಟ ಸ್ಥಿತಿಯನ್ನು ಸರಿ ಮಾಡುವುದಿಲ್ಲ.

‘ರೀಸೆಟ್’ ಎಂದು ಟೈಪ್ ಮಾಡಿ ಎಂಟರ್ ಒತ್ತಿ. ಅಕ್ಷರ ಕಾಣದಿದ್ದರೂ ಧೈರ್ಯವಾಗಿ ಹೊಡೆಯಿರಿ, ಶೆಲ್‌ಗೆ ತಲುಪುತ್ತಿರುತ್ತದೆ. ಎಂಟರ್ ಕೆಲಸ ಮಾಡದಿದ್ದರೆ ಅದರ ಬದಲು ಕಂಟ್ರೋಲ್ + ಜೆ. ವಿಂಡೋ ಮುಚ್ಚಿ ಹೊಸದು ತೆರೆಯುವುದೂ ತಪ್ಪೇನಲ್ಲ. ಆದರೆ ದೂರದ ಸರ್ವರ್‌ನಲ್ಲಿ ಕೆಲಸ ಅರ್ಧಕ್ಕೆ ನಿಂತಿರುವಾಗ ‘ರೀಸೆಟ್’ ಗೊತ್ತಿದ್ದರೆ ಜೀವ ಉಳಿದ ಹಾಗಾಗುತ್ತದೆ.

ಏನೋ ಒತ್ತಿದೆ, ಟರ್ಮಿನಲ್ ಅಲ್ಲಾಡುತ್ತಲೇ ಇಲ್ಲ.

ಕಂಟ್ರೋಲ್ + ಎಸ್ ಒತ್ತಿರುತ್ತೀರಿ. ಬೇರೆ ಕಡೆ ಅದು ಸೇವ್, ಇಲ್ಲಿ ಅದು "ನಿಲ್ಲು". ಕಂಟ್ರೋಲ್ + ಕ್ಯೂ ಒತ್ತಿ, ಮತ್ತೆ ನಡೆಯುತ್ತದೆ.

ಸ್ಕ್ರೀನ್ ಪೂರ್ತಿ ಖಾಲಿ. ಆದರೂ ಮೇಲಿನ ಬಾಣದ ಕೀ ಒತ್ತಿದರೆ ಹಳೆಯ ಕಮಾಂಡ್ ಬರುತ್ತದೆ. ಯಾಕೆ?

ಇದರ ಪಾಠ ನನಗೆ ಸಿಕ್ಕಿದ್ದು ನಾಚಿಕೆಯಾಗುವ ರೀತಿಯಲ್ಲಿ. ಅಡ್ಮಿನ್ ಅಧಿಕಾರದಲ್ಲಿ ಕಮಾಂಡ್ ಓಡಿಸುವ ‘ಸುಡೊ’ ಒಂದು ಸಲ ಪಾಸ್‌ವರ್ಡ್ ಕೇಳಿದರೆ ಕೆಲವು ನಿಮಿಷ ನೆನಪಿಟ್ಟುಕೊಳ್ಳುತ್ತದೆ. ನನ್ನ ಬೆರಳುಗಳಿಗೆ ಅದು ನೆನಪಿರಲಿಲ್ಲ. ‘ಸುಡೊ’ ಕಮಾಂಡ್ ಕೊಟ್ಟೆ, ಅದು ಏನೂ ಕೇಳದೆ ಕೆಲಸ ಮುಗಿಸಿತು. ನಾನು ಅಭ್ಯಾಸದಂತೆ ಪಾಸ್‌ವರ್ಡ್ ಹೊಡೆದು ಎಂಟರ್ ಒತ್ತಿದೆ. ಶೆಲ್ ನನ್ನ ಪಾಸ್‌ವರ್ಡನ್ನು ಸ್ಪಷ್ಟವಾಗಿ ಅಚ್ಚು ಹಾಕಿ, ಪಕ್ಕದಲ್ಲಿ "ಕಮಾಂಡ್ ನಾಟ್ ಫೌಂಡ್" ಎಂದಿತು. ತಕ್ಷಣ ಕಂಟ್ರೋಲ್ + ಎಲ್ ಒತ್ತಿದೆ. ಸ್ಕ್ರೀನ್ ಖಾಲಿ, ಮನಸ್ಸು ನಿರಾಳ. ಎರಡು ದಿನದ ನಂತರ ನಾಲ್ಕೈದು ಜನಕ್ಕೆ ಸ್ಕ್ರೀನ್ ತೋರಿಸುತ್ತಾ ಹಳೆಯ ಕಮಾಂಡ್ ಹುಡುಕಲು ಮೇಲಿನ ಬಾಣ ಒತ್ತಿದೆ. ಒಂದು, ಎರಡು, ಮೂರು. ನಾಲ್ಕನೆಯದು ಪಾಸ್‌ವರ್ಡ್.

ಸ್ಕ್ರೀನ್ ನೋಡಿಕೊಳ್ಳುವುದು ಟರ್ಮಿನಲ್ ವಿಂಡೋ, ಕಮಾಂಡ್ ಪಟ್ಟಿ ಇಟ್ಟುಕೊಳ್ಳುವುದು ಶೆಲ್. ಇವಕ್ಕೂ ಅವಕ್ಕೂ ಸಂಬಂಧವೇ ಇಲ್ಲ. ಶೆಲ್ ಮೊದಲು ಪಟ್ಟಿಯನ್ನು ಮೆಮೊರಿಯಲ್ಲಿ ಇಟ್ಟುಕೊಳ್ಳುತ್ತದೆ, ಆಮೇಲೆ ಫೈಲಿಗೆ ಬರೆಯುತ್ತದೆ. ಯಾವಾಗ ಬರೆಯುತ್ತದೆ ಎನ್ನುವುದು ಶೆಲ್‌ಗೆ ತಕ್ಕ ಹಾಗೆ ಬೇರೆ. ಮುಂದಿನ ಅರ್ಧ ಪ್ರಶ್ನೆಗಳ ಕೀಲಿ ಇಲ್ಲೇ ಇದೆ.

ಬ್ಯಾಶ್‌ನಲ್ಲಿ ಇಡೀ ಹಿಸ್ಟರಿ ಅಳಿಸುವುದು ಹೇಗೆ?

ಬ್ಯಾಶ್ ಅಂದರೆ ಲಿನಕ್ಸ್‌ನಲ್ಲಿ ಸಾಮಾನ್ಯವಾಗಿ ಸಿಗುವ ಶೆಲ್. ಎರಡು ಕಮಾಂಡ್, ಇದೇ ಕ್ರಮದಲ್ಲಿ: ಮೊದಲು ‘ಹಿಸ್ಟರಿ -ಸಿ’, ಆಮೇಲೆ ‘ಹಿಸ್ಟರಿ -ಡಬ್ಲ್ಯೂ’. ಮೊದಲನೆಯದು ಮೆಮೊರಿಯ ಪಟ್ಟಿ ಖಾಲಿ ಮಾಡುತ್ತದೆ. ಎರಡನೆಯದು ಆ ಖಾಲಿ ಪಟ್ಟಿಯನ್ನು ಫೈಲಿನ ಮೇಲೆ ಬರೆಯುತ್ತದೆ.

ಬೇರೆ ಬ್ಯಾಶ್ ವಿಂಡೋಗಳು ತೆರೆದಿದ್ದರೆ ಅವುಗಳನ್ನು ಮೊದಲು ಮುಚ್ಚಿ. ಪ್ರತಿಯೊಂದರ ಮೆಮೊರಿಯಲ್ಲೂ ಒಂದೊಂದು ಪಟ್ಟಿ ಇರುತ್ತದೆ. ನೀವು ಇಲ್ಲಿ ಅಳಿಸಿ ಕೈ ತೊಳೆದುಕೊಂಡ ಮೇಲೆ ಅವು ಮುಚ್ಚುವಾಗ ತಮ್ಮದನ್ನು ಫೈಲಿಗೆ ಸೇರಿಸುತ್ತವೆ.

ಹಿಸ್ಟರಿ ಫೈಲನ್ನೇ ಡಿಲೀಟ್ ಮಾಡಿದೆ. ಮರುದಿನ ನೋಡಿದರೆ ಮತ್ತೆ ಬಂದಿದೆ!

ಭೂತವಲ್ಲ, ಬ್ಯಾಶ್. ಹೋಮ್ ಫೋಲ್ಡರ್‌ನಲ್ಲಿರುವ ‘.ಬ್ಯಾಶ್_ಹಿಸ್ಟರಿ’ ಎಂಬ ಫೈಲಿಗೆ ಬ್ಯಾಶ್ ಸಾಮಾನ್ಯವಾಗಿ ಬರೆಯುವುದು ವಿಂಡೋ ಮುಚ್ಚುವ ಹೊತ್ತಿಗೆ. ನೀವು ಫೈಲ್ ಅಳಿಸಿದಾಗ ಮೆಮೊರಿಯ ಪಟ್ಟಿ ಹಾಗೇ ಇತ್ತು. ಹೊರಗೆ ಬರುವಾಗ ಬ್ಯಾಶ್ ಹೊಸ ಫೈಲ್ ಮಾಡಿ ಅದಕ್ಕೆ ಬರೆದು ಹೋಯಿತು. ಅದಕ್ಕೇ ಮೇಲೆ ಹೇಳಿದ ಎರಡು ಕಮಾಂಡ್ ಬೇಕಾಗುವುದು.

ಎಲ್ಲ ಬೇಡ, ಒಂದೇ ಒಂದು ಸಾಲು ತೆಗೆಯಬೇಕು.

ಬ್ಯಾಶ್‌ನಲ್ಲಿ ‘ಹಿಸ್ಟರಿ 20’ ಕೊಟ್ಟರೆ ಕೊನೆಯ 20 ಸಾಲು, ಪ್ರತಿಯೊಂದರ ಹಿಂದೆ ಒಂದು ನಂಬರ್ ಸಮೇತ ಕಾಣುತ್ತವೆ. ತೆಗೆಯಬೇಕಾದದ್ದು 512ನೇ ಸಾಲು ಎಂದುಕೊಳ್ಳಿ. ‘ಹಿಸ್ಟರಿ -ಡಿ 512’ ಕೊಟ್ಟು, ಆಮೇಲೆ ‘ಹಿಸ್ಟರಿ -ಡಬ್ಲ್ಯೂ’ ಕೊಡಿ. ಒಂದು ಸಾಲು ತೆಗೆದ ಕೂಡಲೇ ಅದರ ಕೆಳಗಿನ ನಂಬರ್‌ಗಳೆಲ್ಲ ಒಂದೊಂದು ಕಡಿಮೆಯಾಗುತ್ತವೆ. ಹಾಗಾಗಿ ಹಲವು ಸಾಲು ತೆಗೆಯುವುದಿದ್ದರೆ ದೊಡ್ಡ ನಂಬರ್‌ನಿಂದ ಶುರು ಮಾಡಿ. 2019ರಲ್ಲಿ ಬಂದ ಬ್ಯಾಶ್ 5.0ರಿಂದ ಈಚೆಗೆ ‘ಹಿಸ್ಟರಿ -ಡಿ 510-515’ ಎಂದು ಒಟ್ಟಿಗೆ ತೆಗೆಯಬಹುದು.

ಇಲ್ಲೊಂದು ಹಳ್ಳ ಇದೆ, ಬೀಳಬೇಡಿ. ಪಾಸ್‌ವರ್ಡ್ ಇರುವ ಸಾಲು ಯಾವುದು ಎಂದು ಹುಡುಕಲು ಜನ ‘ಹಿಸ್ಟರಿ’ ಮುಂದೆ ‘ಗ್ರೆಪ್’ ಹಾಕಿ ಅದೇ ಪಾಸ್‌ವರ್ಡನ್ನು ಟೈಪ್ ಮಾಡುತ್ತಾರೆ. ಆ ಹುಡುಕಾಟದ ಕಮಾಂಡ್ ಕೂಡ ಹಿಸ್ಟರಿಗೆ ಸೇರುತ್ತದೆ! ಕಳ್ಳನನ್ನು ಹುಡುಕಲು ಹೋಗಿ ಇನ್ನೊಬ್ಬನನ್ನು ಒಳಗೆ ಬಿಟ್ಟ ಹಾಗೆ. ನಂಬರ್ ನೋಡಿಯೇ ತೆಗೆಯಿರಿ.

ಮ್ಯಾಕ್‌ನಲ್ಲಿ ‘ಹಿಸ್ಟರಿ -ಸಿ’ ಕೊಟ್ಟರೆ ಎರರ್ ಬರುತ್ತದೆ.

2019ರಲ್ಲಿ ಬಂದ ಮ್ಯಾಕ್ ಓಎಸ್ ಕ್ಯಾಟಲಿನಾದಿಂದ ಹೊಸ ಬಳಕೆದಾರರಿಗೆ ಸಿಗುವ ಶೆಲ್ ಬ್ಯಾಶ್ ಅಲ್ಲ, ಝಡ್‌ಶೆಲ್. ಅಲ್ಲಿ ‘ಹಿಸ್ಟರಿ’ ಎನ್ನುವುದು ಪಟ್ಟಿ ತೋರಿಸುವ ಕಮಾಂಡ್ ಮಾತ್ರ, ‘-ಸಿ’ ಅದಕ್ಕೆ ಗೊತ್ತಿಲ್ಲ.

ಮ್ಯಾಕ್‌ನಲ್ಲಿ ನಾನು ಮಾಡುವುದು ಹೀಗೆ. ಟರ್ಮಿನಲ್ ಆ್ಯಪನ್ನು ಪೂರ್ತಿ ಕ್ವಿಟ್ ಮಾಡುತ್ತೇನೆ. ಫೈಂಡರ್‌ನಲ್ಲಿ ಹೋಮ್ ಫೋಲ್ಡರ್ ತೆರೆದು ಕಮಾಂಡ್ + ಶಿಫ್ಟ್ + ಡಾಟ್ ಒತ್ತುತ್ತೇನೆ. ಅಡಗಿದ್ದ ಫೈಲ್‌ಗಳು ಮಸುಕಾಗಿ ಕಾಣುತ್ತವೆ. ‘.ಝಡ್‌ಎಸ್‌ಎಚ್_ಹಿಸ್ಟರಿ’ ಫೈಲನ್ನೂ ‘.ಝಡ್‌ಎಸ್‌ಎಚ್_ಸೆಷನ್ಸ್’ ಫೋಲ್ಡರನ್ನೂ ಟ್ರ್ಯಾಶ್‌ಗೆ ಹಾಕುತ್ತೇನೆ. ಈ ಎರಡನೆಯದನ್ನು ಎಲ್ಲರೂ ಮರೆಯುತ್ತಾರೆ. ಆಪಲ್‌ನ ಟರ್ಮಿನಲ್ ಪ್ರತಿ ವಿಂಡೋದ ಹಿಸ್ಟರಿಯನ್ನು ಅಲ್ಲಿ ಬೇರೆಯಾಗಿ ಇಟ್ಟಿರುತ್ತದೆ. ಕೊನೆಗೆ ಟ್ರ್ಯಾಶ್ ಖಾಲಿ ಮಾಡುತ್ತೇನೆ, ಇಲ್ಲದಿದ್ದರೆ ಫೈಲ್ ಅಲ್ಲಿಂದ ಇಲ್ಲಿಗೆ ಜಾಗ ಬದಲಿಸಿತು ಅಷ್ಟೇ.

ಲಿನಕ್ಸ್‌ನಲ್ಲಿ ಝಡ್‌ಶೆಲ್ ಬಳಸುವವರು ಮೊದಲು ‘ಅನ್‌ಸೆಟ್ ಹಿಸ್ಟ್‌ಫೈಲ್’ ಕೊಡಿ. ‘ಹಿಸ್ಟ್‌ಫೈಲ್’ ಒಂದೇ ಪದ, ಎಚ್-ಐ-ಎಸ್-ಟಿ ಆದ ಮೇಲೆ ಫೈಲ್, ಎಲ್ಲವೂ ದೊಡ್ಡಕ್ಷರ. ಆಗ ಹೊರಗೆ ಬರುವಾಗ ಬರೆಯಲು ಶೆಲ್‌ಗೆ ಜಾಗ ಸಿಗುವುದಿಲ್ಲ. ಆಮೇಲೆ ಫೈಲ್ ಅಳಿಸಿ, ‘ಎಕ್ಸಿಟ್’ ಕೊಡಿ.

ಫಿಶ್ ಶೆಲ್‌ನಲ್ಲಿ?

‘ಹಿಸ್ಟರಿ ಕ್ಲಿಯರ್’. ನಿಜವಾಗಿಯೂ ಅಳಿಸಬೇಕಾ ಎಂದು ಒಮ್ಮೆ ಕೇಳುತ್ತದೆ, ಒಪ್ಪಿದರೆ ಮುಗಿಯಿತು. ಎಲ್ಲ ಶೆಲ್‌ಗಳೂ ಹೀಗಿದ್ದಿದ್ದರೆ ಈ ಪುಟ ಅರ್ಧಕ್ಕೇ ಮುಗಿಯುತ್ತಿತ್ತು.

ವಿಂಡೋಸ್ ಕಮಾಂಡ್ ಪ್ರಾಂಪ್ಟ್‌ನಲ್ಲಿ?

ಆಲ್ಟ್ + ಎಫ್7 ಒತ್ತಿ. ಅಥವಾ ಸುಮ್ನೆ ವಿಂಡೋ ಮುಚ್ಚಿ. ಕಮಾಂಡ್ ಪ್ರಾಂಪ್ಟ್ ತನ್ನ ಹಿಸ್ಟರಿಯನ್ನು ಫೈಲಿಗೆ ಬರೆಯುವುದೇ ಇಲ್ಲ, ಮುಚ್ಚಿದರೆ ಹೋಯಿತು. ಮುಚ್ಚುವ ಮುಂಚೆ ಏನೇನು ಇದೆ ನೋಡಬೇಕಾದರೆ ‘ಡಾಸ್‌ಕೀ /ಹಿಸ್ಟರಿ’.

ಪವರ್‌ಶೆಲ್‌ನಲ್ಲಿ ‘ಕ್ಲಿಯರ್-ಹಿಸ್ಟರಿ’ ಕೊಟ್ಟೆ. ಬಾಣದ ಕೀ ಒತ್ತಿದರೆ ಎಲ್ಲ ಹಾಗೇ ಇದೆ!

ಹೆಸರು ನೋಡಿದರೆ ಇದೇ ಸರಿಯಾದ ಕಮಾಂಡ್ ಅನ್ನಿಸುತ್ತದೆ, ಅಲ್ವಾ? ಎಲ್ಲರೂ ಮೋಸ ಹೋಗುವುದು ಇಲ್ಲೇ. ಪವರ್‌ಶೆಲ್‌ನಲ್ಲಿ ಹಿಸ್ಟರಿ ಎರಡು ಇವೆ. ಒಂದು ಪವರ್‌ಶೆಲ್‌ನದೇ, ಆ ಸೆಷನ್‌ಗೆ ಮಾತ್ರ ಸೀಮಿತ. ‘ಕ್ಲಿಯರ್-ಹಿಸ್ಟರಿ’ ಅಳಿಸುವುದು ಇದನ್ನು. ಇನ್ನೊಂದು ಪಿಎಸ್‌ರೀಡ್‌ಲೈನ್ ಎಂಬ ಭಾಗದ್ದು. ಬಾಣದ ಕೀ ಒತ್ತಿದಾಗ ಬರುವುದು ಇದರ ಪಟ್ಟಿ.

ಪಿಎಸ್‌ರೀಡ್‌ಲೈನ್ ಪಟ್ಟಿಯನ್ನು ಮೆಮೊರಿಯಿಂದ ತೆಗೆಯಲು ಆಲ್ಟ್ + ಎಫ್7. ಆದರೆ ಅದು ಫೈಲಿಗೂ ಬರೆದಿರುತ್ತದೆ, ಅದೂ ಬ್ಯಾಶ್‌ನ ಹಾಗೆ ಕೊನೆಗಲ್ಲ, ಕಮಾಂಡ್ ಕೊಟ್ಟ ಕೊಟ್ಟ ಹಾಗೆ. ಆ ಫೈಲ್ ಎಲ್ಲಿದೆ ಎಂದು ತಿಳಿಯಲು ‘ಗೆಟ್-ಪಿಎಸ್‌ರೀಡ್‌ಲೈನ್‌ಆಪ್ಷನ್’ ಕೊಟ್ಟು, ಬಂದ ಪಟ್ಟಿಯಲ್ಲಿ ‘ಹಿಸ್ಟರಿಸೇವ್‌ಪಾತ್’ ಎಂಬ ಸಾಲು ನೋಡಿ. ಅಲ್ಲಿರುವ ಫೈಲನ್ನು ನೋಟ್‌ಪ್ಯಾಡ್‌ನಲ್ಲಿ ತೆರೆದು ಬೇಡದ ಸಾಲನ್ನು ತೆಗೆಯಬಹುದು, ಇಲ್ಲವೇ ಫೈಲನ್ನೇ ಅಳಿಸಬಹುದು. ಮೊದಲ ಸಲ ತೆರೆದವರು ತಿಂಗಳುಗಟ್ಟಲೆ ಹಿಂದಿನ ಕಮಾಂಡ್‌ಗಳನ್ನು ನೋಡಿ ಬೆಚ್ಚಿಬೀಳುವುದುಂಟು.

ಹೊಸ ಪಿಎಸ್‌ರೀಡ್‌ಲೈನ್ ಆವೃತ್ತಿಗಳು ‘ಪಾಸ್‌ವರ್ಡ್’, ‘ಟೋಕನ್’, ‘ಸೀಕ್ರೆಟ್’ ಇಂಥ ಪದಗಳಿರುವ ಸಾಲನ್ನು ಫೈಲಿಗೆ ಬರೆಯುವುದಿಲ್ಲ. ಒಳ್ಳೆಯದೇ. ಆದರೆ ಆ ಪದ ಇಲ್ಲದೆ ಬರೀ ಗುಟ್ಟು ಮಾತ್ರ ಇರುವ ಸಾಲನ್ನು ಅದು ಗುರುತಿಸಲಾರದು. ನಂಬಿ ಕೂರಬೇಡಿ.

ಪಾಸ್‌ವರ್ಡನ್ನು ತಪ್ಪಿ ಕಮಾಂಡ್ ಆಗಿ ಟೈಪ್ ಮಾಡಿಬಿಟ್ಟೆ. ಹಿಸ್ಟರಿ ಅಳಿಸಿದರೆ ಸಾಕಾ?

ಸಾಲದು. ಮೊದಲು ಪಾಸ್‌ವರ್ಡ್ ಬದಲಿಸಿ, ಆಮೇಲೆ ಹಿಸ್ಟರಿ ಅಳಿಸಿ. ಎಪಿಐ ಕೀ (ಪ್ರೋಗ್ರಾಮ್‌ಗಳು ಪಾಸ್‌ವರ್ಡ್‌ನ ಹಾಗೆ ಬಳಸುವ ಗುಟ್ಟಿನ ಕೋಡ್) ಆದರೂ ಅಷ್ಟೇ, ಹಳೆಯದನ್ನು ರದ್ದು ಮಾಡಿ ಹೊಸದು ತೆಗೆದುಕೊಳ್ಳಿ.

ಯಾಕೆಂದರೆ ಅದು ಎಲ್ಲೆಲ್ಲಿ ಬಿದ್ದಿದೆ ಎಂದು ಹೇಳಲಾಗದು. ‘ಸುಡೊ’ ಮೂಲಕ ಕೊಟ್ಟ ಕಮಾಂಡ್ ಸಿಸ್ಟಮ್ ಲಾಗ್‌ನಲ್ಲಿ ದಾಖಲಾಗುತ್ತದೆ. ಉಬುಂಟು ಲಿನಕ್ಸ್‌ನಲ್ಲಿ ಅದು ‘/ವಾರ್/ಲಾಗ್/ಆತ್.ಲಾಗ್’ ಫೈಲಿನಲ್ಲೋ ಸಿಸ್ಟಮ್ ಜರ್ನಲ್‌ನಲ್ಲೋ ಸಿಗುತ್ತದೆ. ನಿಮ್ಮ ‘ಹಿಸ್ಟರಿ -ಸಿ’ ಅಲ್ಲಿಗೆ ತಲುಪುವುದಿಲ್ಲ. ಕಮಾಂಡ್ ಓಡುತ್ತಿರುವಷ್ಟು ಹೊತ್ತು ಅದೇ ಕಂಪ್ಯೂಟರ್‌ನಲ್ಲಿರುವ ಬೇರೆಯವರು ‘ಪಿಎಸ್’ (ಓಡುತ್ತಿರುವ ಪ್ರೋಗ್ರಾಮ್‌ಗಳ ಪಟ್ಟಿ ತೋರಿಸುವ ಕಮಾಂಡ್) ಕೊಟ್ಟರೆ ನಿಮ್ಮ ಪೂರ್ತಿ ಸಾಲು ಕಾಣಬಹುದು. ಸರ್ವರ್‌ಗೆ ಲಾಗಿನ್ ಆಗುವಾಗ ಯೂಸರ್ ಹೆಸರಿನ ಜಾಗದಲ್ಲಿ ಪಾಸ್‌ವರ್ಡ್ ಹೊಡೆದರೆ, "ಇಂಥ ಯೂಸರ್ ಇಲ್ಲ" ಎಂದು ಆ ಸರ್ವರ್‌ನ ಲಾಗ್‌ನಲ್ಲಿ ನಿಮ್ಮ ಪಾಸ್‌ವರ್ಡೇ ಬರೆದಿರುತ್ತದೆ. ಇನ್ನು ಬ್ಯಾಕಪ್‌ಗಳ ಕಥೆ ಬೇರೆ. ಇದನ್ನೆಲ್ಲ ಬೆನ್ನಟ್ಟುವುದಕ್ಕಿಂತ ಪಾಸ್‌ವರ್ಡ್ ಬದಲಿಸುವುದು ಎರಡು ನಿಮಿಷದ ಕೆಲಸ.

ಮೊದಲೇ ಹಿಸ್ಟರಿಗೆ ಹೋಗದ ಹಾಗೆ ಮಾಡಬಹುದಾ?

ಮಾಡಬಹುದು, ನನಗೆ ಕೇಳಿದರೆ ಇದೇ ಸರಿಯಾದ ದಾರಿ. ಕಮಾಂಡ್‌ನ ಮುಂಚೆ ಒಂದು ಸ್ಪೇಸ್ ಬಿಟ್ಟು ಟೈಪ್ ಮಾಡಿ. ಅಷ್ಟೇ.

ಉಬುಂಟು, ಡೆಬಿಯನ್‌ಗಳ ಬ್ಯಾಶ್‌ನಲ್ಲಿ ಇದು ಮೊದಲಿನಿಂದಲೇ ನಡೆಯುತ್ತದೆ. ನಡೆಯದ ಕಡೆ ‘.ಬ್ಯಾಶ್‌ಆರ್‌ಸಿ’ ಫೈಲಿನಲ್ಲಿ ‘ಹಿಸ್ಟ್‌ಕಂಟ್ರೋಲ್=ಇಗ್ನೋರ್‌ಬೋತ್’ ಎಂಬ ಸಾಲು ಸೇರಿಸಿ. ಸಮ ಚಿಹ್ನೆಯ ಎಡಗಡೆಯದು ದೊಡ್ಡಕ್ಷರ, ಬಲಗಡೆಯದು ಸಣ್ಣಕ್ಷರ, ನಡುವೆ ಸ್ಪೇಸ್ ಬೇಡ. ಝಡ್‌ಶೆಲ್‌ನಲ್ಲಿ ‘ಸೆಟ್‌ಆಪ್ಟ್ ಹಿಸ್ಟ್_ಇಗ್ನೋರ್_ಸ್ಪೇಸ್’. ಫಿಶ್‌ಗೆ ಏನೂ ಹೇಳಬೇಕಾಗಿಲ್ಲ.

ಗುಟ್ಟಿನ ಕೆಲಸಕ್ಕೆ ಬಳಸುವ ಮುಂಚೆ ಒಮ್ಮೆ ಪರೀಕ್ಷೆ ಮಾಡಿ. ಸ್ಪೇಸ್ ಬಿಟ್ಟು ‘ಎಕೋ ಹಲೋ’ ಕೊಡಿ, ಆಮೇಲೆ ‘ಹಿಸ್ಟರಿ’ ನೋಡಿ. ಝಡ್‌ಶೆಲ್‌ನಲ್ಲಿ ಆ ಸಾಲು ಬಾಣದ ಕೀಗೆ ಒಮ್ಮೆ ಸಿಗುತ್ತದೆ, ಗಾಬರಿ ಬೇಡ. ಮುಂದಿನ ಕಮಾಂಡ್ ಕೊಟ್ಟ ಕೂಡಲೇ ಮಾಯವಾಗುತ್ತದೆ.

ಇಡೀ ಸೆಷನ್ ದಾಖಲಾಗುವುದು ಬೇಡವೆಂದರೆ ‘ಅನ್‌ಸೆಟ್ ಹಿಸ್ಟ್‌ಫೈಲ್’ ಬ್ಯಾಶ್‌ನಲ್ಲೂ ಕೆಲಸ ಮಾಡುತ್ತದೆ. ಫಿಶ್‌ನಲ್ಲಿ ‘ಫಿಶ್ --ಪ್ರೈವೇಟ್’ ಎಂದು ಶುರು ಮಾಡಿ.

ಎಸ್‌ಎಸ್‌ಎಚ್‌ನಲ್ಲಿ ಬೇರೆ ಕಂಪ್ಯೂಟರ್‌ಗೆ ಹೋಗಿ ಕೆಲಸ ಮಾಡಿದರೆ ಹಿಸ್ಟರಿ ಎಲ್ಲಿರುತ್ತದೆ?

ಆ ಕಂಪ್ಯೂಟರ್‌ನಲ್ಲಿ. ನಿಮ್ಮ ಕಡೆ ಉಳಿಯುವುದು ‘ಎಸ್‌ಎಸ್‌ಎಚ್’ ಎಂದು ಹೊಡೆದ ಒಂದು ಸಾಲು ಮಾತ್ರ. ಆದರೆ ಅಲ್ಲಿ ಕಂಡ ಔಟ್‌ಪುಟ್ ನಿಮ್ಮ ವಿಂಡೋದ ಸ್ಕ್ರಾಲ್‌ಬ್ಯಾಕ್‌ನಲ್ಲಿ ಇರುತ್ತದೆ.

ಶೆಲ್ ಬಿಟ್ಟು ಬೇರೆ ಪ್ರೋಗ್ರಾಮ್‌ಗಳೂ ಹಿಸ್ಟರಿ ಇಡುತ್ತವಾ?

ಇಡುತ್ತವೆ. ಹೋಮ್ ಫೋಲ್ಡರ್‌ನಲ್ಲಿ ‘ಎಲ್‌ಎಸ್ -ಎ’ ಕೊಟ್ಟು ನೋಡಿ. ಪೈಥಾನ್‌ಗೆ ‘.ಪೈಥಾನ್_ಹಿಸ್ಟರಿ’, ಮೈಎಸ್‌ಕ್ಯೂಎಲ್‌ಗೆ ‘.ಮೈಎಸ್‌ಕ್ಯೂಎಲ್_ಹಿಸ್ಟರಿ’, ಪೋಸ್ಟ್‌ಗ್ರೆಸ್‌ಗೆ ‘.ಪಿಎಸ್‌ಕ್ಯೂಎಲ್_ಹಿಸ್ಟರಿ’. ಉದ್ದದ ಫೈಲನ್ನು ಪುಟಪುಟವಾಗಿ ತೋರಿಸುವ ‘ಲೆಸ್’ ಕೂಡ ನೀವು ಹುಡುಕಿದ ಪದಗಳನ್ನು ನೆನಪಿಟ್ಟುಕೊಳ್ಳುತ್ತದೆ.

ಆಗಾಗ ಹಿಸ್ಟರಿ ಅಳಿಸುತ್ತಿದ್ದರೆ ಕಂಪ್ಯೂಟರ್ ವೇಗವಾಗುತ್ತದಾ?

ಇಲ್ಲ. ಸಾವಿರ ಸಾಲಿನ ಅಕ್ಷರದ ಫೈಲ್ ಯಾವ ಲೆಕ್ಕ? ಹಿಸ್ಟರಿ ಅಳಿಸುವುದನ್ನು ಕಸ ಗುಡಿಸುವ ಹಾಗೆ ದಿನಾ ಮಾಡುವವರಿಗೆ ನಾನು ಬೇಡ ಅನ್ನುತ್ತೇನೆ. 1970ರ ದಶಕದ ಕೊನೆಯಲ್ಲಿ ಬರ್ಕ್‌ಲಿಯಲ್ಲಿ ಬಿಲ್ ಜಾಯ್ ಬರೆದ ಸಿ ಶೆಲ್‌ನಲ್ಲಿ ಈ ಹಿಸ್ಟರಿ ಸೌಲಭ್ಯ ಇತ್ತು, ಎರಡು ಆಶ್ಚರ್ಯ ಚಿಹ್ನೆ ಹೊಡೆದರೆ ಹಿಂದಿನ ಕಮಾಂಡ್ ಮತ್ತೆ ಓಡುವ ತಂತ್ರವೂ ಅಲ್ಲಿಂದಲೇ ಬಂದದ್ದು. ಇಷ್ಟು ವರ್ಷ ಉಳಿದಿದೆ ಅಂದರೆ ಉಪಯೋಗ ಇದೆ ಎಂದೇ ಅರ್ಥ.

ಬ್ಯಾಶ್ ಅಥವಾ ಝಡ್‌ಶೆಲ್‌ನಲ್ಲಿ ಕಂಟ್ರೋಲ್ + ಆರ್ ಒತ್ತಿ, ನೆನಪಿರುವ ಎರಡು ಮೂರು ಅಕ್ಷರ ಹೊಡೆಯಿರಿ. ಮೂರು ತಿಂಗಳ ಹಿಂದೆ ಕಷ್ಟಪಟ್ಟು ಕಟ್ಟಿದ ಉದ್ದನೆಯ ಕಮಾಂಡ್ ಎದುರಿಗೆ ಬರುತ್ತದೆ. ಮತ್ತೆ ಕಂಟ್ರೋಲ್ + ಆರ್ ಒತ್ತಿದರೆ ಅದಕ್ಕೂ ಹಿಂದಿನದು. ಬೇಡ ಅನ್ನಿಸಿದರೆ ಕಂಟ್ರೋಲ್ + ಜಿ. ಬ್ಯಾಶ್ ತಾನಾಗಿ ನೆನಪಿಟ್ಟುಕೊಳ್ಳುವುದು 500 ಸಾಲು ಮಾತ್ರ, ಉಬುಂಟು ಅದನ್ನು 1000ಕ್ಕೆ ಏರಿಸಿದೆ. ನಾನಂತೂ ಇನ್ನೂ ಏರಿಸಿಕೊಂಡಿದ್ದೇನೆ.

ನಾನು ಬರೆಯುವ ಸ್ಕ್ರಿಪ್ಟ್‌ನ ಮೊದಲ ಸಾಲಿಗೆ ‘ಕ್ಲಿಯರ್’ ಹಾಕಬಹುದಾ?

ಹಾಕಬಹುದು. ದಯವಿಟ್ಟು ಹಾಕಬೇಡಿ. ಅದನ್ನು ಓಡಿಸುವವರ ಸ್ಕ್ರೀನ್‌ನಲ್ಲಿ ಏನಿತ್ತು ಅಂತ ನಿಮಗೆ ಗೊತ್ತಿಲ್ಲ. ಈಗಷ್ಟೇ ಬಂದ ಎರರ್ ಓದುತ್ತಾ ಕೂತಿದ್ದಿರಬಹುದು.